ಪಿಕಪ್ ಚೌಕಾಸಿ: ಹದಿನೈದು ಸಾವಿರ ಉಳಿಸಿ, ಎಪ್ಪತ್ತೆರಡು ಸಾವಿರ ಕಳ್ಕೊಳ್ಳೋದು ಹೇಗೆ?

ಇವತ್ತಿನ ಸಂಚಿಕೆಗೆ ಕಾರಣ ನಮ್ಮ ಸೋದರಮಾವ. ನಾಗಮಂಗಲ ತಾಲ್ಲೂಕಲ್ಲಿ ತೆಂಗಿನ ತೋಟ ಇದೆ, ಎಳನೀರನ್ನ ಮದ್ದೂರು ಮಾರ್ಕೆಟ್‌ಗೆ ಹಾಕ್ತಾರೆ. ವರ್ಷಗಟ್ಟಲೆ ಬಾಡಿಗೆ ಗಾಡಿಗೆ ದುಡ್ಡು ಸುರಿದು ಸಾಕಾಗಿ, ಕಳೆದ ಡಿಸೆಂಬರ್‌ನಲ್ಲಿ ಒಂದು ಹೊಸ ಪಿಕಪ್ ತಗೊಳ್ಳೋಣ ಅಂತ ತೀರ್ಮಾನ ಮಾಡಿದ್ರು. ಮುಂಗಡಕ್ಕೆ ಅತ್ತೆ ತಮ್ಮ ಸರ ಅಡ ಇಟ್ಟಿದ್ರು. "ನೀನು ಬಿ.ಕಾಂ. ಓದಿದ್ದೀಯಲ್ಲ, ಬಾರ್ಲಾ, ಪಕ್ಕದಲ್ಲಿ ಕೂತ್ಕೊ" ಅಂತ ನನ್ನನ್ನೂ ಕರ್ಕೊಂಡು ಹೋದ್ರು.

ಮಾವ ಸಂತೇಲಿ ಚೌಕಾಸಿಗೆ ಕೂತ್ರೆ ಎದುರಿನವನು ಬೆವರಬೇಕು. ಶೋರೂಮ್‌ನಲ್ಲೂ ಹಂಗೇ. ಮುಕ್ಕಾಲು ಗಂಟೆ ಜಗ್ಗಾಡಿ ಹದಿನೈದು ಸಾವಿರ ಇಳಿಸಿದ್ರು. ಕಾಫಿ ಬಂತು. ಮುಖದಲ್ಲಿ ಗೆದ್ದ ಕಳೆ. ಆಮೇಲೆ ಸೇಲ್ಸ್ ಹುಡುಗ ಒಂದು ಚೀಟಿ ಮುಂದಿಟ್ಟ: "ಏಳು ಲಕ್ಷ ಲೋನ್, ನಾಲ್ಕು ವರ್ಷ, ಎಂಟೇ ಪರ್ಸೆಂಟ್ ಸಾರ್, ಇಎಂಐ 19,250." ಮಾವ ಪೆನ್ ತಗೊಂಡ್ರು. ನಾನು ಫೋನ್‌ನಲ್ಲಿ ಕ್ಯಾಲ್ಕುಲೇಟರ್ ತೆಗೆದೆ.

ಆ ಎಂಟು ಪರ್ಸೆಂಟ್ 'ಫ್ಲ್ಯಾಟ್' ಬಡ್ಡಿ. ಅಂದ್ರೆ ಏಳು ಲಕ್ಷಕ್ಕೆ ವರ್ಷಕ್ಕೆ 56 ಸಾವಿರ, ನಾಲ್ಕು ವರ್ಷಕ್ಕೆ 2,24,000. ಎರಡು ವರ್ಷ ಕಟ್ಟಿದ ಮೇಲೆ ಅರ್ಧದಷ್ಟು ಸಾಲ ತೀರಿರುತ್ತೆ ಅಲ್ವಾ? ಆದ್ರೂ ಬಡ್ಡಿ ಮಾತ್ರ ಪೂರ್ತಿ ಏಳು ಲಕ್ಷದ ಲೆಕ್ಕದಲ್ಲೇ ಬೀಳ್ತಾ ಇರುತ್ತೆ. ಉಳಿದಿರೋ ಸಾಲಕ್ಕೆ ಮಾತ್ರ ಬಡ್ಡಿ ಹಾಕೋ 'ರೆಡ್ಯೂಸಿಂಗ್' ಲೆಕ್ಕಕ್ಕೆ ತಂದ್ರೆ ಇದು ಸುಮಾರು 14.3 ಪರ್ಸೆಂಟ್ ಆಗುತ್ತೆ. ಅದೇ ಏಳು ಲಕ್ಷ ಬ್ಯಾಂಕ್‌ನಲ್ಲಿ 10 ಪರ್ಸೆಂಟ್ ರೆಡ್ಯೂಸಿಂಗ್‌ಗೆ ಸಿಕ್ಕಿದ್ರೆ ಇಎಂಐ 17,754. ತಿಂಗಳಿಗೆ ಸುಮಾರು 1,500 ವ್ಯತ್ಯಾಸ, 48 ತಿಂಗಳಿಗೆ ಹತ್ತಿರ ಹತ್ತಿರ 72 ಸಾವಿರ. ಕೇಳೋಕೆ 'ಎಂಟು' ಚಿಕ್ಕದು, 'ಹತ್ತು' ದೊಡ್ಡದು. ಕಟ್ಟೋವಾಗ ಉಲ್ಟಾ.

ಮಾವನಿಗೆ ಇದನ್ನ ಅಲ್ಲೇ ಮೆಲ್ಲಗೆ ಹೇಳ್ದೆ. "ಅಂಗಾದ್ರೆ ನಾನು ಇಳ್ಸಿದ್ದು?" ಅಂದ್ರು. ಅದು ಬಡ್ಡಿಯಲ್ಲಿ ವಾಪಸ್ ಹೋಯ್ತು ಮಾವ, ಜೊತೆಗೆ ಇನ್ನೂ ಐವತ್ತೇಳು ಸಾವಿರ ಕರ್ಕೊಂಡು ಹೋಯ್ತು ಅಂದೆ. ಪೆನ್ ಕೆಳಗಿಟ್ರು.

ಇಲ್ಲಿ ನಿಮಗೆ ಒಂದು ಹಕ್ಕು ಇದೆ. 2024ರ ಅಕ್ಟೋಬರ್ 1ರಿಂದ ಇಂಥ ಸಾಲಗಳಿಗೆ 'ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್' ಅನ್ನೋ ಹಾಳೆ ಕೊಡ್ಲೇಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. ಬ್ಯಾಂಕ್‌ಗೂ ಅನ್ವಯ, ಫೈನಾನ್ಸ್ ಕಂಪನಿಗೂ ಅನ್ವಯ. ಸಾಲಗಾರನಿಗೆ ಅರ್ಥವಾಗೋ ಭಾಷೆಯಲ್ಲಿ ಇರಬೇಕು, ಹಾಗಾಗಿ ಕನ್ನಡದಲ್ಲೇ ಕೇಳಿ. ಅದರಲ್ಲಿ 'ಎಪಿಆರ್' ಅಂತ ಒಂದು ನಂಬರ್ ಇರುತ್ತೆ: ಬಡ್ಡಿ, ಪ್ರೊಸೆಸಿಂಗ್ ಫೀ ಎಲ್ಲಾ ಸೇರಿಸಿದ ನಿಜವಾದ ವಾರ್ಷಿಕ ದರ. ಎರಡು ಕಡೆ ಹೋಲಿಸೋದಾದ್ರೆ ಅದನ್ನೇ ಹೋಲಿಸಿ. ಸಿಬಿಲ್ ಸ್ಕೋರ್ ಇಲ್ಲದವರಿಗೆ, ಮೊದಲ ಸಲ ಸಾಲ ಮಾಡೋರಿಗೆ ಬ್ಯಾಂಕ್ ಸುಲಭವಾಗಿ ಕೊಡಲ್ಲ, ಒಪ್ತೀನಿ. ಆಗ ಕನಿಷ್ಠ ಎರಡು ಫೈನಾನ್ಸ್ ಕಂಪನಿ ಹತ್ರ ಈ ಹಾಳೆ ಈಸ್ಕೊಳ್ಳಿ.

ಈಗ ಗಾಡಿ ರೇಟ್‌ಗೆ ಬರೋಣ. 'ಆನ್ ರೋಡ್ ಎಷ್ಟು' ಅಂತ ಕೇಳಿದ್ರೆ ಒಂದು ಮೂಟೆ ಕೊಡ್ತಾರೆ. ಮೂಟೆ ಬಿಚ್ಚಿಸಿ, ಪ್ರತಿ ಸಾಲು ಬೇರೆ ಬೇರೆ ಬರೆಸ್ಕೊಳ್ಳಿ. ತೆರಿಗೆ, ನೋಂದಣಿ ಶುಲ್ಕ ಸರ್ಕಾರದ್ದು, ಅದು ಅಲ್ಲಾಡಲ್ಲ. ಇನ್ಶೂರೆನ್ಸ್‌ನಲ್ಲಿ ಥರ್ಡ್ ಪಾರ್ಟಿ ಭಾಗವೂ ಅಲ್ಲಾಡಲ್ಲ. 7,500 ಕೆಜಿ ಒಟ್ಟು ತೂಕದೊಳಗಿನ ಸರಕು ಗಾಡಿಗೆ 2022ರ ಜೂನ್‌ನಲ್ಲಿ ನಿಗದಿಯಾದ ದರ 16,049 ರೂಪಾಯಿ. ಅಲ್ಲಾಡೋದು 'ಓನ್ ಡ್ಯಾಮೇಜ್' ಭಾಗ. ಶೋರೂಮ್‌ನಲ್ಲೇ ಇನ್ಶೂರೆನ್ಸ್ ಮಾಡಿಸ್ಬೇಕು ಅನ್ನೋ ಕಾನೂನು ಇಲ್ಲ. ಹೊರಗಿನ ಒಂದು ಕೊಟೇಶನ್ ಜೇಬಲ್ಲಿ ಇದ್ರೆ ಸಾಕು, ಅವರೇ ಇಳೀತಾರೆ. ಆದ್ರೆ ಪ್ರೀಮಿಯಂ ಜೊತೆ ಗಾಡಿಯ ವಿಮಾ ಮೌಲ್ಯವನ್ನೂ ಇಳಿಸಿದ್ದಾರಾ ನೋಡ್ಕೊಳ್ಳಿ. 'ಹ್ಯಾಂಡ್ಲಿಂಗ್ ಚಾರ್ಜ್' ಸರ್ಕಾರದ ಶುಲ್ಕ ಅಲ್ಲ, ಅದನ್ನ ತೆಗೆಸಿ. ಆಕ್ಸೆಸರಿ ಕಿಟ್ ಅಂತ ಮ್ಯಾಟು, ಸೀಟ್ ಕವರ್‌ಗೆ ಹಾಕಿರೋ ರೇಟನ್ನ ಪೇಟೆಯಲ್ಲಿ ವಿಚಾರಿಸಿ, ನಗು ಬರುತ್ತೆ.

ಎಕ್ಸ್ ಶೋರೂಮ್ ಬೆಲೆ ಹತ್ತು ಲಕ್ಷ ದಾಟಿದ್ರೆ ಒಂದು ಪರ್ಸೆಂಟ್ ಟಿಸಿಎಸ್ ಹಿಡೀತಾರೆ. ಅದು ನಿಮ್ಮ ಪ್ಯಾನ್ ಹೆಸರಲ್ಲಿ ಜಮಾ ಆಗಿರೋ ದುಡ್ಡು, ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಹಾಕಿದ್ರೆ ಲೆಕ್ಕಕ್ಕೆ ಸಿಗುತ್ತೆ. ಎಷ್ಟೋ ಜನ ಹತ್ತು ಸಾವಿರ ಹಂಗೇ ಬಿಟ್ಬಿಡ್ತಾರೆ.

ಇನ್ನೊಂದು ಎಚ್ಚರಿಕೆ. 2025ರ ಸೆಪ್ಟೆಂಬರ್ 22ರಿಂದ ಸರಕು ಗಾಡಿಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟ್‌ಗೆ ಇಳಿದಿದೆ. ತೆರಿಗೆಗೆ ಮುಂಚಿನ ಬೆಲೆ ಏಳು ಲಕ್ಷ ಅಂದ್ಕೊಳ್ಳಿ, ಆಗ 8,96,000 ಆಗ್ತಿದ್ದದ್ದು ಈಗ 8,26,000. ಈ ಎಪ್ಪತ್ತು ಸಾವಿರ ಡೀಲರ್ ಕೊಟ್ಟ ಡಿಸ್ಕೌಂಟ್ ಅಲ್ಲ. ಹಳೇ ರೇಟ್ ಕಾರ್ಡ್ ತೋರಿಸಿ 'ನೋಡಿ ಎಷ್ಟು ಇಳ್ಸಿದ್ದೀವಿ' ಅಂದ್ರೆ ತಲೆ ಆಡಿಸ್ಬೇಡಿ. ನಿಮ್ಮದು ಸಿಮೆಂಟ್ ಅಥವಾ ಹಾರ್ಡ್‌ವೇರ್ ಅಂಗಡಿ, ರೆಗ್ಯುಲರ್ ಜಿಎಸ್‌ಟಿ ನೋಂದಣಿ ಇದೆ ಅಂದ್ರೆ ಆ 18 ಪರ್ಸೆಂಟನ್ನ ಇನ್‌ಪುಟ್ ಕ್ರೆಡಿಟ್ ತಗೋಬಹುದು. ಕಾರಿಗೆ ಈ ಅನುಕೂಲ ಸಾಮಾನ್ಯವಾಗಿ ಸಿಗಲ್ಲ. ಬಿಲ್ ಅಂಗಡಿಯ ಜಿಎಸ್‌ಟಿ ನಂಬರ್‌ಗೆ ಇರಬೇಕು ಅಷ್ಟೇ. ನಮ್ಮ ಮಾವನಂಥ ರೈತರಿಗೆ ಇದು ಅನ್ವಯ ಆಗಲ್ಲ.

ನಮ್ಮ ಕಡೆಯವರಿಗೆ ಒಂದು ದೊಡ್ಡ ಅನುಕೂಲ ಇದೆ, ಬಳಸೋದು ಕಮ್ಮಿ. ಶ್ರೀರಂಗಪಟ್ಟಣ, ಪಾಂಡವಪುರದವರಿಗೆ ಮೈಸೂರು, ಮಂಡ್ಯ ಎರಡೂ ಹತ್ತಿರ. ಕೆ.ಆರ್. ಪೇಟೆ, ನಾಗಮಂಗಲದವರು ಹಾಸನಕ್ಕೂ ಬೆಳಗ್ಗೆ ಹೋಗಿ ಸಂಜೆ ಬರಬಹುದು. ಒಂದೇ ಮಾಡೆಲ್‌ಗೆ ಮೂರು ಜಿಲ್ಲೆಯ ಕೊಟೇಶನ್! ಬೇರೆ ಜಿಲ್ಲೇಲಿ ತಗೊಂಡ್ರೂ ನಿಮ್ಮ ವಿಳಾಸದ ಆರ್‌ಟಿಓದಲ್ಲೇ ನೋಂದಣಿ ಮಾಡಿಸ್ಬಹುದು. ಅಂದಹಾಗೆ, 2023ರ ಆಗಸ್ಟ್‌ನಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ ಟ್ರ್ಯಾಕ್ಟರ್ ಬಿಡ್ತಿಲ್ಲ, ಪಿಕಪ್‌ಗೆ ಅಡ್ಡಿ ಇಲ್ಲ. ಹೊಸ ಗಾಡಿ ಯೋಚನೆ ಮಾಡೋರಿಗೆ ಅದೂ ಒಂದು ಲೆಕ್ಕ.

ಸಮಯವೂ ದುಡ್ಡೇ. ಆಯುಧಪೂಜೆಗೆ ಗಾಡಿ ಬೇಕು ಅಂತ ಎಲ್ಲರೂ ಸಾಲಲ್ಲಿ ನಿಂತಾಗ ಯಾರು ಇಳಿಸ್ತಾರೆ? ಆಷಾಢದಲ್ಲಿ, ಧನುರ್ಮಾಸದಲ್ಲಿ ಶೋರೂಮ್ ಖಾಲಿ ಹೊಡೀತಿರುತ್ತೆ. ನಾವು ಹೋಗಿದ್ದೂ ಧನುರ್ಮಾಸದಲ್ಲೇ, ಅದರ ಮೇಲೆ ವರ್ಷದ ಕೊನೆ. ಜನವರಿ ಬಂದ್ರೆ ಅಂಗಳದಲ್ಲಿರೋ ಗಾಡಿಗಳೆಲ್ಲ 'ಹೋದ ವರ್ಷದ್ದು' ಆಗ್ಬಿಡ್ತವೆ. ತಯಾರಾದ ತಿಂಗಳು, ವರ್ಷ ಆರ್‌ಸಿಯಲ್ಲೇ ಇರುತ್ತೆ, ಮುಂದೆ ಮಾರೋವಾಗ ಗಿರಾಕಿ ಅದನ್ನೇ ಎತ್ತಿ ಆಡ್ತಾನೆ. ಆ ನಷ್ಟವನ್ನ ಈಗಲೇ ರೇಟಲ್ಲಿ ಕೇಳಿ. ಬುಕಿಂಗ್ ಮಾಡೋವಾಗ 'ಡೆಲಿವರಿ ದಿನದ ಬೆಲೆ ಅನ್ವಯ' ಅನ್ನೋ ಸಣ್ಣ ಅಕ್ಷರ ಓದಿ. ಒಪ್ಪಿದ ಬೆಲೆಯನ್ನ ಸೀಲ್ ಹಾಕಿಸಿ ಬರೆಸ್ಕೊಳ್ಳಿ.

ಮಾವ ಅವತ್ತು ಸಹಿ ಹಾಕ್ಲಿಲ್ಲ. "ಆಫರ್ ಇವತ್ತೇ ಕೊನೆ ಸಾರ್" ಅಂದ ಹುಡುಗ. ಬ್ಯಾಂಕ್ ಲೋನ್‌ಗೆ ಓಡಾಡಿ, ಪಹಣಿ, ಪಾಸ್‌ಬುಕ್ ಎಲ್ಲಾ ಕೊಟ್ಟು, ಹನ್ನೆರಡು ದಿನ ಆಯ್ತು. ಆ ಹನ್ನೆರಡು ದಿನದಲ್ಲಿ ಅದೇ ಹುಡುಗ ನಾಲ್ಕು ಸಲ ಫೋನ್ ಮಾಡಿದ. ನಾಲ್ಕನೇ ಸಲ ಹ್ಯಾಂಡ್ಲಿಂಗ್ ಚಾರ್ಜ್ ತಾನಾಗೇ ಬಿಟ್ಟ. ಹಾಸನದ ಕೊಟೇಶನ್ ವಾಟ್ಸ್ಆ್ಯಪ್ ಮಾಡಿದ ಮೇಲೆ ಇನ್ನೂ ಎಂಟು ಸಾವಿರ ಇಳಿದ. ಅವನ ಮೇಲೆ ನನಗೆ ಕೋಪ ಇಲ್ಲ, ತಿಂಗಳ ಟಾರ್ಗೆಟ್ ಅವನ ಹೊಟ್ಟೆಪಾಡು.

ಸಂಕ್ರಾಂತಿ ಕಳೆದ ಮೇಲೆ ಗಾಡಿ ಮನೆಗೆ ಬಂತು. ಈಗ ಕೆಎ-54 ನಂಬರ್ ಹಾಕ್ಕೊಂಡು ಮದ್ದೂರಿಗೆ ಓಡಾಡ್ತಿದೆ. ಅತ್ತೆ ಸರ ಇನ್ನೂ ಅಡದಲ್ಲೇ ಇದೆ. ಇಎಂಐನಲ್ಲಿ ಉಳಿಯೋ ಸಾವಿರದೈನೂರನ್ನ ತಿಂಗಳು ತಿಂಗಳು ಬೇರೆ ಎತ್ತಿಡ್ತಿದ್ದಾರೆ, ಡಬ್ಬಿ ಮಾತ್ರ ಅತ್ತೆ ಹತ್ರಾನೇ ಇದೆ.