ಮಗಳಿಗೆ ಮೊದಲೇ ಹೇಳಿ



ಮಹಿಳಾ ಸಂಘದ ಸಭೆಯೊಂದರಲ್ಲಿ ನಾವು ಒಂದು ಪ್ರಶ್ನೆ ಕೇಳಿದೆವು: "ನೀವು ಮೈನೆರೆಯುವ ಮೊದಲೇ ಅದರ ಬಗ್ಗೆ ನಿಮಗೆ ಯಾರಾದರೂ ಹೇಳಿದ್ದರಾ?" ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ ತಾಯಿ ನಗುತ್ತಾ ಹೇಳಿದರು: "ಯಾರು ಹೇಳ್ತಾರೆ ಮೇಡಂ? ಬಚ್ಚಲಲ್ಲಿ ರಕ್ತ ನೋಡಿ, ನನಗೇನೋ ದೊಡ್ಡ ಕಾಯಿಲೆ ಬಂದೈತೆ, ಸತ್ತೇ ಹೋಗ್ತೀನಿ ಅಂದ್ಕೊಂಡೆ. ಸಂಜೆವರೆಗೂ ಕೊಟ್ಟಿಗೆ ಹಿಂದೆ ಕೂತು ಅತ್ತೆ." ಎಲ್ಲರೂ ನಕ್ಕರು. ಆಗ ಇನ್ನೊಂದು ಪ್ರಶ್ನೆ ಕೇಳಿದೆವು: "ಈಗ ನಿಮ್ಮ ಮಗಳಿಗೆ ನೀವು ಹೇಳಿದ್ದೀರಾ?" ಮತ್ತೆ ಯಾರೂ ಮಾತಾಡಲಿಲ್ಲ.

ಆ ತಾಯಿ ಕೊಟ್ಟಿಗೆ ಹಿಂದೆ ಕಳೆದಂಥ ದಿನ ನಮ್ಮ ಮಗಳಿಗೆ ಬರಬಾರದು. ಅದಕ್ಕೆ ದುಡ್ಡು ಬೇಕಾಗಿಲ್ಲ. ಮೊದಲೇ ಹೇಳಬೇಕು, ಅಷ್ಟೇ.

ಯಾವಾಗ ಹೇಳಬೇಕು?

ಹೆಚ್ಚಿನ ಹುಡುಗಿಯರಿಗೆ 10ರಿಂದ 15 ವರ್ಷದೊಳಗೆ ಮೊದಲ ಮುಟ್ಟು ಆಗುತ್ತದೆ. ಕೆಲವರಿಗೆ 9ರಲ್ಲೇ ಆಗಬಹುದು. ಆದ್ದರಿಂದ ಮಗಳು ನಾಲ್ಕನೇ ತರಗತಿಗೆ ಬಂದಾಗಲೇ ಮಾತು ಶುರು ಮಾಡಿ. ದೇಹವೂ ಸೂಚನೆ ಕೊಡುತ್ತದೆ. ಎದೆ ಬೆಳೆಯಲು ಆರಂಭವಾಗಿ ಸಾಮಾನ್ಯವಾಗಿ ಎರಡು, ಎರಡೂವರೆ ವರ್ಷಕ್ಕೆ ಮುಟ್ಟು ಆಗುತ್ತದೆ. ಅದಕ್ಕೆ ಕೆಲವು ತಿಂಗಳ ಮೊದಲು ಒಳಚಡ್ಡಿಯಲ್ಲಿ ಬಿಳಿ ದ್ರವ ಕಾಣಿಸಬಹುದು.

ಏನು ಹೇಳಬೇಕು?

ದೊಡ್ಡ ಪಾಠ ಬೇಡ. ಸೊಪ್ಪು ಬಿಡಿಸುವಾಗ, ತಲೆ ಬಾಚುವಾಗ ಹೀಗೆ ಹೇಳಿದರೂ ಸಾಕು:

"ಹೆಣ್ಣುಮಕ್ಕಳ ಹೊಟ್ಟೆಯ ಕೆಳಗೆ ಗರ್ಭಕೋಶ ಅಂತ ಇರುತ್ತೆ. ಮಗು ಬೆಳೆಯೋ ಜಾಗ ಅದು. ಪ್ರತಿ ತಿಂಗಳೂ ಅದರೊಳಗೆ ಮೆತ್ತನೆ ಪದರ ಬೆಳೆಯುತ್ತೆ. ಮಗು ಇಲ್ಲದಿದ್ದಾಗ ಅದು ಬೇಕಾಗಲ್ಲ, ರಕ್ತದ ಜೊತೆ ಹೊರಗೆ ಬರುತ್ತೆ. ಅದೇ ಮುಟ್ಟು. ನನಗೂ ಆಗುತ್ತೆ, ನಿನ್ನ ಟೀಚರಿಗೂ ಆಗುತ್ತೆ. ಅದು ಕಾಯಿಲೆ ಅಲ್ಲ, ಗಾಯ ಅಲ್ಲ, ನಿನ್ನ ತಪ್ಪೂ ಅಲ್ಲ. ಆದ ಕೂಡಲೇ ನನಗೆ ಹೇಳು."

ಮೊದಲ ಸಲ ಕೆಂಪಗೆ ಕಾಣದೆ ಬರೀ ಕಂದು ಕಲೆ ಆಗಬಹುದು ಎಂದೂ ಹೇಳಿ. ಎರಡರಿಂದ ಏಳು ದಿನ ಹೋಗಬಹುದು. ನೋಡಲು ಬಹಳ ಅನ್ನಿಸಿದರೂ ಒಟ್ಟು ಹೋಗುವ ರಕ್ತ ಸಾಮಾನ್ಯವಾಗಿ ಕೆಲವೇ ಚಮಚ. ಮೊದಲ ಒಂದೆರಡು ವರ್ಷ ದಿನಗಳ ಲೆಕ್ಕ ತಪ್ಪುವುದು ಸಹಜ. ಹೊಟ್ಟೆ, ಸೊಂಟ ನೋವಿಗೆ ಬಿಸಿನೀರಿನ ಶಾಖ ಕೊಡಿ.

ಏನು ಸಿದ್ಧ ಮಾಡಬೇಕು?

ಪ್ಯಾಡನ್ನು ಒಳಚಡ್ಡಿಗೆ ಹೇಗೆ ಅಂಟಿಸಬೇಕೆಂದು ಒಮ್ಮೆ ಮಾಡಿ ತೋರಿಸಿ. ಅವಳ ಶಾಲೆಯ ಬ್ಯಾಗಿನಲ್ಲಿ ಒಂದು ಪುಟ್ಟ ಚೀಲ ಇಡಿ: ಎರಡು ಪ್ಯಾಡ್, ಒಂದು ಒಳಚಡ್ಡಿ, ಸುತ್ತಲು ಹಳೇ ಪೇಪರ್. ನಾಲ್ಕರಿಂದ ಆರು ಗಂಟೆಗೊಮ್ಮೆ ಪ್ಯಾಡ್ ಬದಲಾಯಿಸಬೇಕು. ಬಳಸಿದ್ದನ್ನು ಪೇಪರಿನಲ್ಲಿ ಸುತ್ತಿ ಕಸದ ಡಬ್ಬಿಗೆ ಹಾಕಬೇಕು, ಕಕ್ಕಸಿನ ಗುಂಡಿಗೆ ಹಾಕಬಾರದು.

ಬಟ್ಟೆ ಬಳಸಿದರೂ ತಪ್ಪಿಲ್ಲ. ಮೆತ್ತನೆ ಹತ್ತಿ ಬಟ್ಟೆ ಇರಲಿ. ತಣ್ಣೀರು, ಸೋಪಿನಲ್ಲಿ ಒಗೆದು ಬಿಸಿಲಲ್ಲೇ ಒಣಗಿಸಿ. ನಾಚಿಕೆಗೆ ಕತ್ತಲೆ ಮೂಲೆಯಲ್ಲಿ, ಬೇರೆ ಬಟ್ಟೆಯ ಅಡಿಯಲ್ಲಿ ಒಣಹಾಕಿದರೆ ತೇವ ಉಳಿದು ತುರಿಕೆ, ಸೋಂಕು ಬರಬಹುದು. ದಿನಾ ಸ್ನಾನ ಮಾಡಲಿ.

ಕರ್ನಾಟಕ ಸರ್ಕಾರ 2013-14ರಲ್ಲಿ ಹದಿಹರೆಯದ ಹುಡುಗಿಯರಿಗೆ ಉಚಿತ ಪ್ಯಾಡ್ ಕೊಡುವ 'ಶುಚಿ' ಯೋಜನೆ ಆರಂಭಿಸಿತು. ನಡುವೆ ನಿಂತಿದ್ದ ಅದು 2024ರಲ್ಲಿ ಮತ್ತೆ ಶುರುವಾಯಿತು. ಶಾಲೆಯಲ್ಲಿ, ಆಶಾ ಕಾರ್ಯಕರ್ತೆಯ ಬಳಿ ವಿಚಾರಿಸಿ. ರಕ್ತಹೀನತೆ ಬಾರದಂತೆ ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಕಬ್ಬಿಣಾಂಶದ ಮಾತ್ರೆಯನ್ನು ಮಗಳು ನುಂಗಲಿ.

ತಂದೆಯರಿಗೊಂದು ಮಾತು

"ಅದು ಹೆಂಗಸರ ವಿಷಯ" ಎಂದು ಎದ್ದು ಹೋಗಬೇಡಿ. ತಾಯಿ ಕೂಲಿಗೆ ಹೋದ ದಿನವೇ ಮಗಳಿಗೆ ಆಗಬಹುದು. ತಾಯಿ ಇಲ್ಲದ ಮನೆಯೂ ಇರುತ್ತದೆ. ಆಗ ಅವಳು ಯಾರಿಗೆ ಹೇಳಬೇಕು? ಅಂಗಡಿಯಿಂದ ಪ್ಯಾಡ್ ತನ್ನಿ. ಕಪ್ಪು ಕವರಿನಲ್ಲಿ ಸುತ್ತಿಸಿ ತರುವ ವಸ್ತು ಅದಲ್ಲ. ಗಂಡುಮಕ್ಕಳಿಗೂ ವಿಷಯ ತಿಳಿಸಿ, ಆಗ ಶಾಲೆಯಲ್ಲಿ ಯಾರ ಬಟ್ಟೆಯ ಕಲೆ ನೋಡಿಯೂ ಅವರು ನಗುವುದಿಲ್ಲ.

ಆರತಿ ಮಾಡಬೇಕಾ?

ನಮ್ಮ ಹಿರಿಯರು ಎಳ್ಳು-ಬೆಲ್ಲದ ಚಿಗಳಿ, ಕೊಬ್ಬರಿ ತಿನ್ನಿಸಿ ಸೋಬಾನೆ ಹಾಡುತ್ತಿದ್ದರು. ಮಗಳನ್ನು ಚೆನ್ನಾಗಿ ನೋಡಿಕೊಳ್ಳುವ ಆ ಮನಸ್ಸು ಒಳ್ಳೆಯದು, ಇಟ್ಟುಕೊಳ್ಳೋಣ. ಆದರೆ ಹೊರಗೆ ಕೂರಿಸುವುದು, ಬೇರೆ ತಟ್ಟೆ-ಚಾಪೆ ಕೊಡುವುದು, ವಾರಗಟ್ಟಲೆ ಶಾಲೆ ಬಿಡಿಸುವುದು ಬೇಡ. ಸಾಲ ಮಾಡಿ ಪೆಂಡಾಲ್ ಹಾಕಿ ಊರಿಗೆಲ್ಲ ಸಾರುವ ಮೊದಲು ಮಗಳನ್ನು ಒಮ್ಮೆ ಕೇಳಿ, "ನಿನಗೆ ಇಷ್ಟವಾ?" ಎಂದು.

ಆರತಿಗೆ ಬಂದ ನೆಂಟರು "ಇನ್ನೇನು, ಗಂಡು ನೋಡಿ" ಎನ್ನಬಹುದು. ಮೈನೆರೆದ ಮಾತ್ರಕ್ಕೆ ಮಗಳು ಮದುವೆಗೆ ಸಿದ್ಧಳಾಗುವುದಿಲ್ಲ. ಅವಳಿನ್ನೂ ಆರನೇ, ಏಳನೇ ತರಗತಿಯ ಮಗು. 18 ವರ್ಷ ತುಂಬುವ ಮೊದಲು ಮದುವೆ ಮಾಡುವುದು 2006ರ ಕಾಯ್ದೆಯ ಪ್ರಕಾರ ಅಪರಾಧ. ಇಂಥ ಮಾತುಕತೆ ನಡೆದರೆ 1098ಕ್ಕೆ ಫೋನ್ ಮಾಡಬಹುದು.

ಡಾಕ್ಟರಿಗೆ ಯಾವಾಗ ತೋರಿಸಬೇಕು?

• 15 ವರ್ಷ ತುಂಬಿದರೂ ಮುಟ್ಟು ಆಗದಿದ್ದರೆ
• 8 ವರ್ಷಕ್ಕೆ ಮೊದಲೇ ಎದೆ ಬೆಳೆಯತೊಡಗಿದರೆ
• ಏಳು ದಿನ ದಾಟಿದರೂ ನಿಲ್ಲದಿದ್ದರೆ, ಅಥವಾ ಗಂಟೆ-ಎರಡು ಗಂಟೆಗೆ ಪ್ಯಾಡ್ ಪೂರ್ತಿ ನೆನೆಯುತ್ತಿದ್ದರೆ
• ಶಾಲೆಗೆ ಹೋಗಲಾರದಷ್ಟು ನೋವಿದ್ದರೆ
• ಒಮ್ಮೆ ಆಗಿ ಮೂರು ತಿಂಗಳು ಕಳೆದರೂ ಮತ್ತೆ ಆಗದಿದ್ದರೆ

ಸಂಘದ ಸಭೆಯಲ್ಲಿ ಚರ್ಚಿಸಿ

1. ನಿಮಗೆ ಮೊದಲ ಸಲ ಆದಾಗ ಯಾರು, ಏನು ಹೇಳಿದರು? ಏನು ಹೇಳಿದ್ದರೆ ಚೆನ್ನಾಗಿತ್ತು?
2. ನಮ್ಮ ಊರ ಶಾಲೆಯ ಶೌಚಾಲಯದಲ್ಲಿ ನೀರು, ಚಿಲಕ, ಕಸದ ಡಬ್ಬಿ ಇವೆಯಾ? ಇಲ್ಲದಿದ್ದರೆ ಯಾರನ್ನು ಕೇಳೋಣ?
3. ಮುಂದಿನ ಸಭೆಯೊಳಗೆ ಯಾರು ಯಾರು ಮಗಳ ಜೊತೆ ಮಾತಾಡುತ್ತೀರಿ?

ಮೂರನೆಯ ಪ್ರಶ್ನೆಗೆ ಕೈ ಎತ್ತಿದವರ ಹೆಸರು ಬರೆದಿಟ್ಟುಕೊಳ್ಳಿ. ಮುಂದಿನ ತಿಂಗಳು ಕೇಳೋಣ.