ಅಮೆರಿಕದಲ್ಲಿ ರೆಸಿಡೆನ್ಸಿ ತರಬೇತಿಗೆ ತೆರಳುವ ವೈದ್ಯರ ವೀಸಾ ಹಾಗೂ ಪ್ರವೇಶ ದಿನಾಂಕ: ಅರ್ಜಿದಾರರ ಮಾಹಿತಿಗಾಗಿ

ರಾಜ್ಯದ ವೈದ್ಯಕೀಯ ಕಾಲೇಜುಗಳಲ್ಲಿ ಪದವಿ ಪಡೆದು ಅಮೆರಿಕ ಸಂಯುಕ್ತ ಸಂಸ್ಥಾನದ ಆಸ್ಪತ್ರೆಗಳಲ್ಲಿ ರೆಸಿಡೆನ್ಸಿ, ಅಂದರೆ ಸ್ನಾತಕೋತ್ತರ ವೈದ್ಯ ತರಬೇತಿಗೆ ಆಯ್ಕೆಯಾಗುವ ಅಭ್ಯರ್ಥಿಗಳು ಹಾಗೂ ಅವರ ಪೋಷಕರು, ಎಷ್ಟು ದಿನ ಮುಂಚಿತವಾಗಿ ಆ ದೇಶವನ್ನು ಪ್ರವೇಶಿಸಬಹುದೆಂದು ವಿಚಾರಿಸುತ್ತಿರುತ್ತಾರೆ. ವೀಸಾ ನೀಡುವ ಅಧಿಕಾರ ರಾಜ್ಯ ಸರ್ಕಾರಕ್ಕೆ ಇರುವುದಿಲ್ಲ. ಆದಾಗ್ಯೂ, ದಿನಾಂಕದ ಲೆಕ್ಕ ತಪ್ಪಿದಲ್ಲಿ ವರ್ಷಗಳ ಪರಿಶ್ರಮದಿಂದ ದೊರೆತ ಸ್ಥಾನಕ್ಕೇ ಧಕ್ಕೆಯುಂಟಾಗುವ ಸಂಭವವಿರುವುದರಿಂದ ಈ ವಿವರಣೆಯನ್ನು ನೀಡಲಾಗಿದೆ.

ಅಮೆರಿಕದಲ್ಲಿ ರೆಸಿಡೆನ್ಸಿ ಹಂಚಿಕೆಯ ಫಲಿತಾಂಶವು ಪ್ರತಿ ವರ್ಷ ಮಾರ್ಚ್ ತಿಂಗಳ ಮೂರನೆಯ ಶುಕ್ರವಾರ ಪ್ರಕಟವಾಗುತ್ತದೆ. ತರಬೇತಿಯು ಸಾಮಾನ್ಯವಾಗಿ ಜುಲೈ 1ರಂದು ಆರಂಭಗೊಳ್ಳುತ್ತದೆ. ಬಹುತೇಕ ಆಸ್ಪತ್ರೆಗಳು ಜೂನ್ ತಿಂಗಳಲ್ಲಿಯೇ ಓರಿಯೆಂಟೇಶನ್ ನಡೆಸುತ್ತವೆ. ಹೀಗಾಗಿ ದಾಖಲೆ, ಸಂದರ್ಶನ, ಪ್ರಯಾಣ ಇವೆಲ್ಲಕ್ಕೂ ದೊರೆಯುವ ಕಾಲಾವಕಾಶ ಸುಮಾರು ಮೂರು ತಿಂಗಳು ಮಾತ್ರ.

ಮೊದಲಿಗೆ ಗಮನಿಸಬೇಕಾದ ಅಂಶವೆಂದರೆ, ಪಾಸ್‌ಪೋರ್ಟಿನಲ್ಲಿ ಅಂಟಿಸಲಾಗುವ ವೀಸಾ ಚೀಟಿಯ ಮೇಲಿನ ದಿನಾಂಕವನ್ನಷ್ಟೇ ನೋಡಿ ಟಿಕೆಟ್ ಕಾಯ್ದಿರಿಸುವುದು ಸರಿಯಲ್ಲ. ಪ್ರವೇಶದ ದಿನವು ತರಬೇತಿಯ ಆರಂಭ ದಿನಾಂಕವನ್ನು ಅವಲಂಬಿಸಿರುತ್ತದೆ. ಈ ಲೆಕ್ಕವು ಜೆ-1 ಹಾಗೂ ಎಚ್-1ಬಿ ವೀಸಾಗಳಿಗೆ ಬೇರೆ ಬೇರೆಯಾಗಿದೆ.

ಜೆ-1 ವೀಸಾ

ವೈದ್ಯರ ಜೆ-1 ತರಬೇತಿಗೆ ಪ್ರಾಯೋಜಕ ಸಂಸ್ಥೆ ಇಂಟೆಲ್ತ್‌ನ ಅಂಗವಾದ ಇಸಿಎಫ್‌ಎಂಜಿ. ಈ ಸಂಸ್ಥೆ ನೀಡುವ ಡಿಎಸ್-2019 ನಮೂನೆಯಲ್ಲಿ ಆರಂಭ ದಿನಾಂಕ ನಮೂದಾಗಿರುತ್ತದೆ. ಸದರಿ ದಿನಾಂಕಕ್ಕೆ 30 ದಿನಗಳಿಗಿಂತ ಮುಂಚಿತವಾಗಿ ಪ್ರವೇಶಕ್ಕೆ ಅವಕಾಶವಿರುವುದಿಲ್ಲ. ಉದಾಹರಣೆಗೆ, ಆರಂಭ ದಿನಾಂಕ ಜೂನ್ 15 ಎಂದಿದ್ದಲ್ಲಿ ಮೇ 16ಕ್ಕಿಂತ ಮೊದಲು ಅಲ್ಲಿ ಇಳಿಯುವಂತಿಲ್ಲ. ವೀಸಾ ಏಪ್ರಿಲ್ ತಿಂಗಳಲ್ಲಿಯೇ ಕೈಸೇರಿದ್ದರೂ ಈ ನಿಯಮದಲ್ಲಿ ವ್ಯತ್ಯಾಸವಾಗುವುದಿಲ್ಲ. ಮನೆ ಹುಡುಕುವುದು, ಬ್ಯಾಂಕ್ ಖಾತೆ ತೆರೆಯುವುದು ಮುಂತಾದ ವ್ಯವಸ್ಥೆಗಳಿಗೆ ಈ 30 ದಿನಗಳು ಸಾಕಾಗುತ್ತವೆ.

ಡಿಎಸ್-2019 ದೊರೆಯಬೇಕಾದರೆ ಭಾರತ ಸರ್ಕಾರದ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವಾಲಯವು ನೀಡುವ ‘ಸ್ಟೇಟ್‌ಮೆಂಟ್ ಆಫ್ ನೀಡ್’ ಪತ್ರ ಕಡ್ಡಾಯ. ರಾಜ್ಯದ ಯಾವುದೇ ಇಲಾಖೆಯ ಪತ್ರ ಇದಕ್ಕೆ ಬದಲಿಯಾಗುವುದಿಲ್ಲ. ಅಭ್ಯರ್ಥಿಯ ಹೆಸರು ಹಾಗೂ ತರಬೇತಿಯ ವಿಷಯ ಇತರ ದಾಖಲೆಗಳೊಂದಿಗೆ ತಾಳೆಯಾಗಬೇಕು. ನಮ್ಮಲ್ಲಿ ಒಂದೇ ಹೆಸರು ಅಂಕಪಟ್ಟಿಯಲ್ಲಿ ಇನಿಷಿಯಲ್‌ನೊಂದಿಗೂ ಪಾಸ್‌ಪೋರ್ಟಿನಲ್ಲಿ ತಂದೆಯ ಪೂರ್ಣ ಹೆಸರಿನೊಂದಿಗೂ ಇರುವುದು ಸಾಮಾನ್ಯ. ಇದನ್ನು ಫಲಿತಾಂಶಕ್ಕೆ ಮೊದಲೇ ಸರಿಪಡಿಸಿಕೊಂಡಲ್ಲಿ ಏಪ್ರಿಲ್ ತಿಂಗಳ ಅಮೂಲ್ಯ ದಿನಗಳು ಉಳಿಯುತ್ತವೆ.

ಎಚ್-1ಬಿ ವೀಸಾ

ಈ ವೀಸಾಕ್ಕೆ ಆಸ್ಪತ್ರೆಯೇ ಅರ್ಜಿ ಸಲ್ಲಿಸತಕ್ಕದ್ದು. ಅಭ್ಯರ್ಥಿಯು ಯುಎಸ್‌ಎಂಎಲ್‌ಇ ಮೂರನೆಯ ಹಂತದಲ್ಲಿಯೂ ತೇರ್ಗಡೆಯಾಗಿರಬೇಕು. ಮಂಜೂರಾತಿ ಪತ್ರವಾದ ಐ-797ರಲ್ಲಿ ನಮೂದಾಗಿರುವ ಆರಂಭ ದಿನಾಂಕಕ್ಕೆ ಗರಿಷ್ಠ 10 ದಿನ ಮುಂಚಿತವಾಗಿ ಪ್ರವೇಶಿಸಬಹುದು. ಆ 10 ದಿನಗಳಲ್ಲಿ ಕೆಲಸ ಮಾಡಲು ಅನುಮತಿ ಇರುವುದಿಲ್ಲ.

ಹೆಚ್ಚಿನ ತೊಡಕು ಉಂಟಾಗುವುದು ಇಲ್ಲಿಯೇ. ಮಂಜೂರಾತಿ ಜುಲೈ 1ರಿಂದ ಎಂದಿದ್ದಲ್ಲಿ ಜೂನ್ 21ರಂದು ಪ್ರವೇಶಿಸಬಹುದು. ಆದರೆ ಆಸ್ಪತ್ರೆಯ ವೇತನಸಹಿತ ಓರಿಯೆಂಟೇಶನ್ ಜೂನ್ 22ರಿಂದ ನಿಗದಿಯಾಗಿದ್ದಲ್ಲಿ, ಅಭ್ಯರ್ಥಿಯು ಊರಿನಲ್ಲಿದ್ದೂ ಅದರಲ್ಲಿ ಭಾಗವಹಿಸುವಂತಿಲ್ಲ. ಆದ್ದರಿಂದ ಓರಿಯೆಂಟೇಶನ್ ದಿನಾಂಕವನ್ನು ಲಿಖಿತವಾಗಿ ಕೇಳಿ ಪಡೆದು, ಅರ್ಜಿ ಸಲ್ಲಿಕೆಗೆ ಮೊದಲೇ ಆರಂಭ ದಿನಾಂಕವನ್ನು ಅದಕ್ಕೆ ಅನುಗುಣವಾಗಿ ನಮೂದಿಸುವಂತೆ ಆಸ್ಪತ್ರೆಯನ್ನು ಕೋರಬೇಕು. ಜೆ-1 ಅಭ್ಯರ್ಥಿಗಳೂ ಇದೇ ವಿಷಯವನ್ನು ಆಸ್ಪತ್ರೆಯಲ್ಲಿ ಇಸಿಎಫ್‌ಎಂಜಿ ವ್ಯವಹಾರ ನೋಡಿಕೊಳ್ಳುವ ಸಂಪರ್ಕಾಧಿಕಾರಿಯ ಗಮನಕ್ಕೆ ತರುವುದು ಒಳಿತು. ವಾಣಿಜ್ಯ ವ್ಯವಹಾರದಲ್ಲಿ ಹುಂಡಿಗೆ ವಾಯಿದೆ ಮುಗಿದ ಮೇಲೂ ಮೂರು ದಿನಗಳ ರಿಯಾಯಿತಿ ಉಂಟು. ಇಲ್ಲಿ ಅಂತಹ ರಿಯಾಯಿತಿಯನ್ನು ನಿರೀಕ್ಷಿಸಬಾರದು.

2025ರ ಸೆಪ್ಟೆಂಬರ್ 21ರಿಂದ ಜಾರಿಗೆ ಬಂದ ಅಧ್ಯಕ್ಷರ ಘೋಷಣೆಯೊಂದರ ಮೇರೆಗೆ, ಅಮೆರಿಕದ ಹೊರಗಿರುವವರಿಗಾಗಿ ಸಲ್ಲಿಸುವ ಹೊಸ ಎಚ್-1ಬಿ ಅರ್ಜಿಗಳಿಗೆ 1,00,000 ಡಾಲರ್ ಪಾವತಿಯನ್ನು ವಿಧಿಸಲಾಯಿತು. ಸದರಿ ಘೋಷಣೆಯನ್ನು ಮೊದಲಿಗೆ 12 ತಿಂಗಳ ಅವಧಿಗೆ ಹೊರಡಿಸಲಾಗಿತ್ತು. ಒಪ್ಪಂದಕ್ಕೆ ಸಹಿ ಮಾಡುವ ಮುನ್ನ, ಆಸ್ಪತ್ರೆಯು ಯಾವ ವೀಸಾಕ್ಕೆ ಪ್ರಾಯೋಜಕತ್ವ ನೀಡುತ್ತದೆ ಎಂಬುದನ್ನು ಖಚಿತಪಡಿಸಿಕೊಳ್ಳುವುದು.

ಸಂದರ್ಶನ ಮತ್ತು ಪ್ರಯಾಣ

ಬೆಂಗಳೂರಿನಲ್ಲಿ ಅಮೆರಿಕ ಕಾನ್ಸುಲೇಟ್ 2025ರ ಜನವರಿ 17ರಂದು ಉದ್ಘಾಟನೆಗೊಂಡಿತಾದರೂ ಆಗ ವೀಸಾ ಸೇವೆ ಆರಂಭವಾಗಲಿಲ್ಲ. ಆದ್ದರಿಂದ ಸಂದರ್ಶನದ ಸ್ಥಳವನ್ನು ಮೊದಲೇ ಪರಿಶೀಲಿಸಿ ಚೆನ್ನೈ, ಹೈದರಾಬಾದ್, ಮುಂಬಯಿ ಮುಂತಾದೆಡೆ ಪ್ರಯಾಣಿಸುವ ಸಿದ್ಧತೆ ಇರಿಸಿಕೊಳ್ಳಬೇಕು. ದಿನಾಂಕ ದೊರೆತ ಕೂಡಲೇ ಕಾಯ್ದಿರಿಸುವುದು ಕ್ಷೇಮ. 2025ರ ಮೇ 27ರಂದು ಜೆ-1 ಸೇರಿದಂತೆ ಕೆಲವು ವರ್ಗಗಳಿಗೆ ಹೊಸ ಸಂದರ್ಶನ ದಿನಾಂಕ ನೀಡುವುದನ್ನು ಅಮೆರಿಕ ಸರ್ಕಾರ ಹಠಾತ್ತನೆ ಸ್ಥಗಿತಗೊಳಿಸಿತು. ಪುನರಾರಂಭವನ್ನು ಪ್ರಕಟಿಸಿದ್ದು ಜೂನ್ 18ರಂದು. ಜುಲೈ 1ಕ್ಕೆ ಆಗ ಉಳಿದಿದ್ದುದು 13 ದಿನಗಳು.

ವೀಸಾ ಕೈಸೇರುವ ಮುನ್ನ ಹಣ ಹಿಂದಿರುಗದ ಟಿಕೆಟ್ ಖರೀದಿಸಬಾರದು. ಮೇಲ್ಕಂಡ 30 ಮತ್ತು 10 ದಿನಗಳನ್ನು ಬೆಂಗಳೂರಿನಿಂದ ಹೊರಡುವ ದಿನದಿಂದ ಎಣಿಸದೆ, ಅಮೆರಿಕದ ವಲಸೆ ಅಧಿಕಾರಿಯ ಮುಂದೆ ಹಾಜರಾಗುವ ದಿನದಿಂದ ಎಣಿಸತಕ್ಕದ್ದು. ಅಬುಧಾಬಿ ಮಾರ್ಗವಾಗಿ ತೆರಳುವವರಿಗೆ ಈ ತಪಾಸಣೆ ಅಲ್ಲಿನ ವಿಮಾನ ನಿಲ್ದಾಣದಲ್ಲಿಯೇ ನಡೆಯಬಹುದು. ಪಾಸ್‌ಪೋರ್ಟ್, ಡಿಎಸ್-2019 ಅಥವಾ ಐ-797 ಹಾಗೂ ಆಸ್ಪತ್ರೆಯ ಒಪ್ಪಂದ ಪತ್ರ ಕೈಚೀಲದಲ್ಲಿರಲಿ. ದೊಡ್ಡ ಪೆಟ್ಟಿಗೆಯಲ್ಲಿ ಹಾಕಿ ವಿಮಾನಕ್ಕೆ ಒಪ್ಪಿಸಬಾರದು.

ಮುಂಚಿತವಾಗಿ ಹೋಗುವ ಆಸೆಯಿಂದ ಕೈಯಲ್ಲಿರುವ ಪ್ರವಾಸಿ ವೀಸಾ ಬಳಸಿ ಪ್ರವೇಶಿಸುವುದು ತರವಲ್ಲ. ಆ ವೀಸಾದ ಮೇಲೆ ರೆಸಿಡೆನ್ಸಿ ಆರಂಭಿಸಲು ಸಾಧ್ಯವಿರುವುದಿಲ್ಲ.

ವೀಸಾ ತಡವಾಗಿ ಆರಂಭ ದಿನಾಂಕ ಮೀರುವ ಸೂಚನೆ ಕಂಡುಬಂದಲ್ಲಿ, ಸುಮ್ಮನೆ ಕಾಯದೆ ತಕ್ಷಣವೇ ಆಸ್ಪತ್ರೆಗೆ ಲಿಖಿತವಾಗಿ ತಿಳಿಸಬೇಕು. ಜೆ-1 ಪ್ರಕರಣಗಳಲ್ಲಿ ಆಸ್ಪತ್ರೆಯ ಕೋರಿಕೆಯ ಮೇರೆಗೆ ಇಸಿಎಫ್‌ಎಂಜಿಯು ಆರಂಭ ದಿನಾಂಕವನ್ನು ಮುಂದೂಡಬಹುದಾಗಿರುತ್ತದೆ. ಹಳೆಯ ದಿನಾಂಕದ ನಮೂನೆಯೊಂದಿಗೆ ತಡವಾಗಿ ವಿಮಾನ ಏರುವುದು ಅಪಾಯಕರ.

ತಲುಪಿದ ನಂತರ ಐ-94 ಪ್ರವೇಶ ದಾಖಲೆಯನ್ನು ಅಂತರ್ಜಾಲದಲ್ಲಿ ತೆರೆದು ಹೆಸರು, ವೀಸಾ ವರ್ಗ ಮತ್ತು ದಿನಾಂಕಗಳನ್ನು ಪರಿಶೀಲಿಸಬೇಕು. ಪಾಸ್‌ಪೋರ್ಟ್ ಅವಧಿ ಬೇಗ ಮುಗಿಯುವಂತಿದ್ದಲ್ಲಿ ಎಚ್-1ಬಿ ಪಡೆದವರಿಗೆ ವಾಸ್ತವ್ಯದ ಅವಧಿಯನ್ನೂ ಅಷ್ಟಕ್ಕೇ ಸೀಮಿತಗೊಳಿಸಬಹುದಾದ್ದರಿಂದ ಇಲ್ಲಿಂದಲೇ ನವೀಕರಿಸಿಕೊಂಡು ಹೋಗುವುದು ಸೂಕ್ತ. ಜೆ-1 ಪಡೆದವರು ತಮ್ಮ ಆಗಮನವನ್ನು ಇಸಿಎಫ್‌ಎಂಜಿಗೆ ವರದಿ ಮಾಡತಕ್ಕದ್ದು. ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಗೆ ಅರ್ಜಿ ಸಲ್ಲಿಸಲು ಪ್ರವೇಶದ ನಂತರ ಸುಮಾರು 10 ದಿನ ಕಾಯುವಂತೆ ಅಲ್ಲಿನ ಕಚೇರಿ ಸಲಹೆ ನೀಡುತ್ತದೆ. ಮೊದಲ ತಿಂಗಳ ಖರ್ಚಿಗೆ ಹಣ ಹೊಂದಿಸಿಕೊಳ್ಳುವಾಗ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು.

ಪತಿ, ಪತ್ನಿ ಅಥವಾ ಮಕ್ಕಳು ಅವಲಂಬಿತರ ವೀಸಾದ ಮೇಲೆ ವೈದ್ಯರ ಜೊತೆಯಲ್ಲಿ ಅಥವಾ ಅವರ ನಂತರ ಪ್ರವೇಶಿಸಬಹುದು. ಅವರಿಗಿಂತ ಮೊದಲು ತೆರಳುವಂತಿಲ್ಲ.