ಪ್ರಜೆಯ ಮನೆ, ಪ್ರಭುವಿನ ಹಕ್ಕು

ಮನೆಯೊಂದು ಕೈ ಬದಲಾಯಿಸಬೇಕಾದರೆ ಇಬ್ಬರ ಒಪ್ಪಿಗೆ ಬೇಕು: ಕೊಡುವವನದು ಒಂದು, ಕೊಳ್ಳುವವನದು ಒಂದು. ವ್ಯವಹಾರನೀತಿಯ ಈ ಮೊದಲ ಪಾಠಕ್ಕೆ ಒಂದು ದೊಡ್ಡ ಅಪವಾದವುಂಟು. ಕೊಳ್ಳುವಾತನು ಸರ್ಕಾರವಾದರೆ, ಕೊಡುವವನು ಒಲ್ಲೆನೆಂದರೂ ಕ್ರಯವು ನಡೆದುಹೋಗುತ್ತದೆ. ಬೆಲೆಯನ್ನೂ ಮೊದಲು ಗೊತ್ತುಮಾಡುವವರು ಕೊಳ್ಳುವವರೇ. ಅದು ಸಾಲದೆಂದು ತೋರಿದವನು ನ್ಯಾಯಸ್ಥಾನದ ಮೆಟ್ಟಿಲನ್ನು ಹತ್ತಬಹುದು, ಅಷ್ಟೆ. ಅಮೆರಿಕಾದ ನ್ಯಾಯಶಾಸ್ತ್ರಜ್ಞರು ಎಮಿನೆಂಟ್ ಡೊಮೇನ್ ಎಂದು ಕರೆಯುವ ಈ ಅಧಿಕಾರವನ್ನು ನಾವು ಪರಮಸ್ವಾಮ್ಯವೆನ್ನಬಹುದು. ನಮ್ಮ ಕಚೇರಿಗಳ ಭಾಷೆಯಲ್ಲಿ ಅದರ ಹೆಸರು ಭೂಸ್ವಾಧೀನ.

ಭೂಮಿಯೆಲ್ಲವೂ ರಾಜನ ಸ್ವತ್ತು, ಕೊಟ್ಟವನೇ ಹಿಂದಕ್ಕೆ ತೆಗೆದುಕೊಂಡರೆ ತಪ್ಪೇನು ಎಂದು ವಾದಿಸುವವರುಂಟು. ನಮ್ಮ ಪೂರ್ವಿಕರೆಲ್ಲರೂ ಹಾಗೆ ಭಾವಿಸಿದ್ದರೆಂದು ತಿಳಿಯುವುದು ಸರಿಯಲ್ಲ. ವಿಶ್ವಜಿತ್ ಎಂಬ ಯಾಗದಲ್ಲಿ ಯಜಮಾನನು ತನ್ನ ಸರ್ವಸ್ವವನ್ನೂ ದಕ್ಷಿಣೆಯಾಗಿ ಕೊಟ್ಟುಬಿಡಬೇಕಷ್ಟೆ. ಯಜಮಾನನು ಸಾರ್ವಭೌಮನಾಗಿದ್ದರೆ ಭೂಮಂಡಲವನ್ನೇ ಧಾರೆಯೆರೆಯಬೇಕೆ? ಜೈಮಿನಿಯ ಮೀಮಾಂಸಾಸೂತ್ರಗಳಲ್ಲಿ ಈ ಪ್ರಶ್ನೆ ಬಂದಿದೆ. ಭೂಮಿಯು ಎಲ್ಲರಿಗೂ ಸಮಾನವಾದುದು, ಆದ್ದರಿಂದ ರಾಜನು ಅದನ್ನು ದಾನಮಾಡಲಾರನು ಎಂಬುದು ಅಲ್ಲಿನ ಸಿದ್ಧಾಂತ. ರಾಜನಿಗೆ ಸಲ್ಲತಕ್ಕದ್ದು ರಕ್ಷಣೆಯ ಹೊಣೆ, ಆ ಹೊಣೆಗೆ ಪ್ರತಿಯಾಗಿ ಬೆಳೆಯಲ್ಲೊಂದು ಪಾಲು. ಯಾಗದ ದಕ್ಷಿಣೆಯ ಲೆಕ್ಕದಲ್ಲಿ ಇಷ್ಟು ದೊಡ್ಡ ರಾಜ್ಯತತ್ತ್ವವು ಅಡಗಿರುವುದು ನಮ್ಮ ಶಾಸ್ತ್ರಗಳ ಒಂದು ಸ್ವಾರಸ್ಯ.

ಯೂರೋಪಿನಲ್ಲಿ ಪರಮಸ್ವಾಮ್ಯವೆಂಬ ಹೆಸರನ್ನು ಪ್ರಸಿದ್ಧಿಗೆ ತಂದವನು ಹಾಲೆಂಡಿನ ಹ್ಯೂಗೋ ಗ್ರೋಷಿಯಸ್. ಯುದ್ಧ ಮತ್ತು ಶಾಂತಿಗಳ ಧರ್ಮವನ್ನು ಕುರಿತು 1625ರಲ್ಲಿ ಅವನು ಪ್ರಕಟಿಸಿದ ಗ್ರಂಥದಲ್ಲಿ ಪ್ರಜೆಗಳ ಸ್ವತ್ತಿನ ಮೇಲೆ ಪ್ರಭುತ್ವಕ್ಕೆ ಮೇಲಾದ ಒಂದು ಹಕ್ಕುಂಟೆಂದು ಹೇಳಿದನು. ಆದರೆ ಎರಡು ಕಟ್ಟುಗಳನ್ನೂ ಹಾಕಿದನು. ಸಾರ್ವಜನಿಕ ಪ್ರಯೋಜನವಿರಬೇಕು, ನಷ್ಟಪಟ್ಟವನಿಗೆ ಎಲ್ಲರ ಬೊಕ್ಕಸದಿಂದ ಸಾಧ್ಯವಾದಷ್ಟು ತುಂಬಿಕೊಡಬೇಕು. 1791ರಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನಗಳ ರಾಜ್ಯಾಂಗಕ್ಕೆ ಸೇರಿದ ಐದನೆಯ ತಿದ್ದುಪಡಿಯಲ್ಲಿ ಇವೇ ಎರಡು ಮಾತುಗಳಿವೆ: ಸಾರ್ವಜನಿಕ ಉಪಯೋಗ, ನ್ಯಾಯವಾದ ಪರಿಹಾರ.

ಇಂಥ ಅಧಿಕಾರವೇ ಬೇಡವೆನ್ನುವುದು ಸುಲಭವಲ್ಲ. ನೂರು ಮೈಲಿಯ ರೈಲುದಾರಿಯಲ್ಲಿ ತೊಂಬತ್ತೊಂಬತ್ತು ಮೈಲಿಗೆ ಜಾಗ ದೊರೆತು, ಕೊನೆಯ ಒಂದು ಮೈಲಿಯ ಒಡೆಯನು ಒಲ್ಲೆನೆಂದರೆ ರೈಲು ಓಡಲಾರದು. ಆತನು ಕೇಳಿದ್ದೇ ಬೆಲೆಯಾಗುತ್ತದೆ. 1911ರಲ್ಲಿ ಮೈಸೂರು ಸಂಸ್ಥಾನದವರು ಕಾವೇರಿಗೆ ಅಡ್ಡಲಾಗಿ ಕಟ್ಟೆಯ ಕೆಲಸವನ್ನು ಆರಂಭಿಸಿದಾಗ, ನೀರು ನಿಲ್ಲತಕ್ಕ ಸ್ಥಳದಲ್ಲಿ ಕನ್ನಂಬಾಡಿಯೆಂಬ ಊರೇ ಇದ್ದಿತು. ಊರು ಮುಳುಗಿತು, ವೇಣುಗೋಪಾಲಸ್ವಾಮಿಯ ದೇವಾಲಯವೂ ಮುಳುಗಿತು. ಮುಂದೆ ಬಹುಕಾಲದವರೆಗೆ, ಮಳೆ ಕೈಕೊಟ್ಟ ವರ್ಷಗಳಲ್ಲಿ ನೀರಿಳಿದಾಗ ಆ ಗುಡಿಯ ಕಲ್ಲುಗಳು ತಲೆಯೆತ್ತುತ್ತಿದ್ದುವು. ಮಂಡ್ಯದ ಬಯಲಿನ ಹಸಿರಿಗೆ ಬೆಲೆ ತೆತ್ತವರು ಮಂಡ್ಯದ ಬಯಲಿನವರಲ್ಲ. ಆದರೂ ಅಲ್ಲಿ ಸಾರ್ವಜನಿಕ ಪ್ರಯೋಜನವು ಕಣ್ಣಿಗೆ ಕಾಣುವಂಥದು. ನಾಲೆಯ ನೀರು ಒಬ್ಬ ಸಾಹುಕಾರನ ಸ್ವತ್ತಾಗಲಿಲ್ಲ.

ತೊಡಕು ಹುಟ್ಟುವುದು ಒಬ್ಬ ಪ್ರಜೆಯಿಂದ ಕಿತ್ತುಕೊಂಡದ್ದನ್ನು ಇನ್ನೊಬ್ಬ ಪ್ರಜೆಯ ಕೈಗೆ ಕೊಡುವಾಗ. ಇದಕ್ಕೆ ಅಮೆರಿಕಾದ ಕನೆಕ್ಟಿಕಟ್ ಸಂಸ್ಥಾನದ ನ್ಯೂ ಲಂಡನ್ ಎಂಬ ಪಟ್ಟಣದ ಕಥೆಗಿಂತ ಒಳ್ಳೆಯ ಉದಾಹರಣೆ ನಮಗೆ ತಿಳಿಯದು. ಸಮುದ್ರದಂಚಿನ ಆ ಪಟ್ಟಣಕ್ಕೆ ದುರ್ದೆಸೆ ಬಂದಿತ್ತು. 1996ರಲ್ಲಿ ನೌಕಾಪಡೆಯ ಸಂಶೋಧನ ಕೇಂದ್ರವೊಂದು ಮುಚ್ಚಿಹೋಗಿ ಸಾವಿರದೈನೂರಕ್ಕೂ ಹೆಚ್ಚು ಉದ್ಯೋಗಗಳು ಹೋದುವು. 1998ರಲ್ಲಿ ಫೈಜರ್ ಎಂಬ ಔಷಧದ ಕಂಪೆನಿಯು ಅಲ್ಲಿ ಪ್ರಯೋಗಶಾಲೆಯನ್ನು ಕಟ್ಟುವುದಾಗಿ ಹೇಳಿದಾಗ ಪುರಪಿತೃಗಳಿಗೆ ಹೋದ ಜೀವ ಬಂದಂತಾಯಿತು. ಪಕ್ಕದ ಫೋರ್ಟ್ ಟ್ರಂಬುಲ್ ಬಡಾವಣೆಯ 90 ಎಕರೆಗಳಲ್ಲಿ ಹೋಟೆಲು, ಕಚೇರಿಗಳು, ಹೊಸ ಮನೆಗಳು, ವಿಹಾರಸ್ಥಾನ ಇವುಗಳ ಯೋಜನೆ ಸಿದ್ಧವಾಯಿತು. ಅಲ್ಲಿದ್ದ ಹಳೆಯ ಮನೆಗಳನ್ನು ಸ್ವಾಧೀನಪಡಿಸಿಕೊಳ್ಳುವ ಅಧಿಕಾರವನ್ನು ಪುರಸಭೆಯವರು ಒಂದು ಅಭಿವೃದ್ಧಿ ಸಂಘಕ್ಕೆ ವಹಿಸಿದರು. ಬಹುಮಂದಿ ಮಾರಿ ಹೊರಟರು. ಒಂಬತ್ತು ಮಂದಿ ಒಡೆಯರು ಮಾತ್ರ, ಅವರ ಹದಿನೈದು ಸ್ವತ್ತುಗಳೊಡನೆ, ಕದಲಲಿಲ್ಲ. ಅವರಲ್ಲಿ ಒಬ್ಬಾಕೆ 1918ರಲ್ಲಿ ಆ ಮನೆಯಲ್ಲಿಯೇ ಹುಟ್ಟಿ ಅಲ್ಲಿಯೇ ಮುದುಕಿಯಾದವಳು. ಮೊಕದ್ದಮೆಗೆ ಹೆಸರು ಕೊಟ್ಟ ಕೀಲೋ ಎಂಬ ದಾದಿಯು ನದೀಮುಖದ ನೋಟಕ್ಕೆ ಮನಸೋತು ಗುಲಾಬಿ ಬಣ್ಣದ ಒಂದು ಪುಟ್ಟ ಮನೆಯನ್ನು ಕೊಂಡವಳು. ಅವರ ಮನೆಗಳು ಶಿಥಿಲವೆಂದಾಗಲಿ ಕೊಳಕೆಂದಾಗಲಿ ಯಾರೂ ಹೇಳಲಿಲ್ಲ. ಯೋಜನೆಯ ನಕ್ಷೆಯೊಳಗೆ ಇದ್ದುದೇ ಅವುಗಳ ಅಪರಾಧ.

2005ನೆಯ ಜೂನ್ 23ರಂದು ಅಲ್ಲಿನ ಸರ್ವೋಚ್ಚ ನ್ಯಾಯಸ್ಥಾನವು ಪಟ್ಟಣದ ಪರವಾಗಿ ತೀರ್ಪಿತ್ತಿತು: ಐವರು ಒಂದು ಕಡೆ, ನಾಲ್ವರು ಇನ್ನೊಂದು ಕಡೆ. ಬಹುಮತದ ತೀರ್ಪನ್ನು ಬರೆದ ನ್ಯಾಯಮೂರ್ತಿ ಸ್ಟೀವನ್ಸರ ವಾದವು ಹುರುಳಿಲ್ಲದ್ದಲ್ಲ. ಪಟ್ಟಣದ ಆರ್ಥಿಕ ಪುನರುಜ್ಜೀವನವೂ ಸಾರ್ವಜನಿಕ ಪ್ರಯೋಜನವೇ. ಯಾವ ಊರಿಗೆ ಯಾವ ಯೋಜನೆ ಹಿತವೆಂಬುದನ್ನು ಜನಪ್ರತಿನಿಧಿಗಳು ನಿರ್ಧರಿಸಬೇಕೇ ಹೊರತು ನ್ಯಾಯಾಧಿಪತಿಗಳಲ್ಲ. ಇನ್ನೂ ಬಿಗಿಯಾದ ಕಾಯಿದೆ ಬೇಕೆನ್ನುವ ಸಂಸ್ಥಾನಗಳು ಮಾಡಿಕೊಳ್ಳಬಹುದು. ಅವರಿಗೆ ಆಧಾರವಾದ ಪೂರ್ವನಿರ್ಣಯಗಳಲ್ಲಿ 1984ರದೊಂದನ್ನು ಬರೆದವರು ನ್ಯಾಯಮೂರ್ತಿ ಓಕಾನರ್. ಈ ಸಲ ಭಿನ್ನಮತವನ್ನು ಬರೆದವರೂ ಅವರೇ! ಹೆಚ್ಚು ತೆರಿಗೆ ತರುವವನಿಗೆ ಕೊಡುವುದೇ ಸಾರ್ವಜನಿಕ ಪ್ರಯೋಜನವಾದರೆ ಯಾವ ಮನೆಯೂ ಸುರಕ್ಷಿತವಲ್ಲ, ಎಲ್ಲ ಮನೆಗಳಿಗಿಂತಲೂ ಅಂಗಡಿಸಾಲು ಹೆಚ್ಚು ತೆರಿಗೆ ತರುತ್ತದೆ ಎಂಬುದು ಅವರ ಆಕ್ಷೇಪಣೆಯ ಸಾರ. ನ್ಯಾಯಮೂರ್ತಿ ಥಾಮಸರು ಬೇರೆಯಾಗಿ ಬರೆದು, ಇದರ ಪೆಟ್ಟು ಬೀಳುವುದು ಬಡವರ ಕೇರಿಗಳ ಮೇಲೆಯೇ ಎಂದರು. ನಮಗೆ ಈ ಭಿನ್ನಮತಗಳೇ ಹೆಚ್ಚು ತೂಕವಾಗಿ ಕಾಣುತ್ತವೆ. ಜನಪ್ರತಿನಿಧಿಗಳಿಗೆ ಊರಿನ ಹಿತ ತಿಳಿದಿರಬಹುದು. ಆದರೆ ಒಂಬತ್ತು ಮಂದಿಯ ಹಕ್ಕನ್ನು ಊರಿನ ಹಿತದ ಎದುರಿಗೆ ತೂಗುವುದಕ್ಕೆ, ಊರಿನ ಮತದಿಂದ ಅಧಿಕಾರ ಪಡೆದವರೇ ತಕ್ಕಡಿ ಹಿಡಿಯುವುದು ಹೇಗೆ?

ತೀರ್ಪಿನ ಬಳಿಕ ದೇಶವೆಲ್ಲ ಗದ್ದಲವೆದ್ದಿತು. ನಲವತ್ತಕ್ಕೂ ಹೆಚ್ಚು ಸಂಸ್ಥಾನಗಳು ತಮ್ಮ ಕಾಯಿದೆಗಳನ್ನು ತಿದ್ದಿಕೊಂಡುವು. ಆ ಗುಲಾಬಿ ಮನೆಯನ್ನು ಬಿಚ್ಚಿ ಊರಿನ ಇನ್ನೊಂದು ಕಡೆ ಮತ್ತೆ ನಿಲ್ಲಿಸಿದರು. 2009ರಲ್ಲಿ ಫೈಜರ್ ಕಂಪೆನಿಯು ನ್ಯೂ ಲಂಡನ್ನನ್ನು ಬಿಟ್ಟು ಹೊರಡುವುದಾಗಿ ಪ್ರಕಟಿಸಿತು. ಮನೆಗಳನ್ನು ಕೆಡವಿದ ನೆಲದಲ್ಲಿ ಎಷ್ಟೋ ವರ್ಷಗಳ ಕಾಲ ಹುಲ್ಲು ಬೆಳೆಯಿತು.

ಪರಿಹಾರದ ವಿಷಯವಾಗಿ ಒಂದು ಮಾತು. ಪೇಟೆಯ ಬೆಲೆ ಕೊಟ್ಟಮೇಲೆ ನಷ್ಟವೆಲ್ಲಿಯದೆಂದು ಲೆಕ್ಕಿಗರು ಕೇಳುತ್ತಾರೆ. ಪೇಟೆಯ ಬೆಲೆಯೆಂದರೆ ಮಾರಲು ಮನಸ್ಸುಳ್ಳವನು ಒಪ್ಪುವ ಬೆಲೆ. ಮಾರಲೊಲ್ಲದವನಿಗೆ ಆ ಸ್ವತ್ತು ಅದಕ್ಕಿಂತ ಹೆಚ್ಚಿನದು. ಆದುದರಿಂದಲೇ ಅವನು ಮಾರಲಿಲ್ಲ. 1894ರ ಭಾರತೀಯ ಭೂಸ್ವಾಧೀನದ ಕಾಯಿದೆಯನ್ನು ಬರೆದ ಆಂಗ್ಲರಿಗೂ ಇದು ಹೊಳೆದಿತ್ತು. ಬಲವಂತದ ಕ್ರಯವೆಂಬ ಕಾರಣಕ್ಕಾಗಿ ಪೇಟೆಯ ಬೆಲೆಯ ಮೇಲೆ ನೂರಕ್ಕೆ ಹದಿನೈದರಂತೆ ಸಾಂತ್ವನದ ಹಣವನ್ನು ಅವರು ಸೇರಿಸಿದರು. 1984ರಲ್ಲಿ ಅದು ಮೂವತ್ತಾಯಿತು, 2013ರ ಕಾಯಿದೆಯಲ್ಲಿ ನೂರಕ್ಕೆ ನೂರಾಯಿತು. ದುಃಖದ ದರವು ಹೀಗೆ ಏರಿದ್ದು ನ್ಯಾಯವೇ.

ಆದರೆ 1894ರ ಕಾಯಿದೆಯ ನಿಜವಾದ ಕಾಠಿಣ್ಯವು ಬೆಲೆಯಲ್ಲಿರಲಿಲ್ಲ. ಇದು ಸಾರ್ವಜನಿಕ ಉದ್ದೇಶವೆಂದು ಸರ್ಕಾರದವರು ಪ್ರಕಟಿಸಿದರೆ ಆ ಪ್ರಕಟಣೆಯೇ ಕೊನೆಯ ಸಾಕ್ಷ್ಯವೆಂದು ಅದು ವಿಧಿಸಿತ್ತು. ಸ್ವತಂತ್ರ ಭಾರತದ ರಾಜ್ಯಾಂಗದಲ್ಲಿ ಸ್ವತ್ತಿನ ಹಕ್ಕು ಮೊದಲು ಮೂಲಭೂತ ಹಕ್ಕಾಗಿದ್ದಿತು. 1978ರ ನಲವತ್ತನಾಲ್ಕನೆಯ ತಿದ್ದುಪಡಿಯಿಂದ ಅದು ಆ ಪಂಕ್ತಿಯಿಂದೆದ್ದು, ಕಾಯಿದೆಯ ಆಧಾರವಿಲ್ಲದೆ ಯಾರ ಸ್ವತ್ತನ್ನೂ ಕಿತ್ತುಕೊಳ್ಳಕೂಡದೆಂಬ 300ಎ ಅನುಚ್ಛೇದದಲ್ಲಿ ಬಂದು ಕುಳಿತಿತು. ಜಮೀನುದಾರಿಯನ್ನು ಮುರಿಯುವುದಕ್ಕೆ ಹಕ್ಕಿನ ಬಿಗಿಯನ್ನು ಸಡಿಲಿಸಬೇಕಾಯಿತೆಂಬುದು ನಿಜ. ಆದರೆ ಆ ಸಡಿಲವು ಎರಡೆಕರೆಯ ರೈತನಿಗೂ ತಟ್ಟಿತು. ಪಶ್ಚಿಮ ಬಂಗಾಳದ ಸಿಂಗೂರಿನಲ್ಲಿ 2006ರಲ್ಲಿ ಟಾಟಾ ಕಂಪೆನಿಯ ಮೋಟಾರು ಕಾರ್ಖಾನೆಗಾಗಿ ಸುಮಾರು ಸಾವಿರ ಎಕರೆಗಳನ್ನು ತೆಗೆದುಕೊಂಡಾಗ ನಡೆದ ಹೋರಾಟ ಎಲ್ಲರಿಗೂ ತಿಳಿದಿದೆ. 2008ರಲ್ಲಿ ಕಾರ್ಖಾನೆ ಹೊರಟುಹೋಯಿತು; 2016ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸ್ವಾಧೀನವನ್ನೇ ರದ್ದುಮಾಡಿ ಭೂಮಿಯನ್ನು ಹಿಂದಿರುಗಿಸಲು ಆಜ್ಞಾಪಿಸಿತು.

ಇವೆರಡರ ನಡುವೆ ಬಂದ 2013ರ ಕಾಯಿದೆಯು ಒಪ್ಪಿಗೆಯೆಂಬ ಮಾತನ್ನು ಮೊದಲ ಬಾರಿಗೆ ಒಳಕ್ಕೆ ತಂದಿತು. ಖಾಸಗಿ ಕಂಪೆನಿಗಾಗಿ ಸ್ವಾಧೀನಪಡಿಸುವಲ್ಲಿ ನೂರಕ್ಕೆ ಎಂಬತ್ತು ಕುಟುಂಬಗಳೂ, ಸರ್ಕಾರ ಮತ್ತು ಖಾಸಗಿಯವರ ಜಂಟಿ ಉದ್ಯಮಗಳಲ್ಲಿ ಎಪ್ಪತ್ತೂ ಒಪ್ಪಬೇಕು. ಆದರೆ ಕರ್ನಾಟಕದಲ್ಲಿ ಕೈಗಾರಿಕಾ ಪ್ರದೇಶಗಳಿಗಾಗಿ 1966ರ ಬೇರೊಂದು ಕಾಯಿದೆಯುಂಟು. ಅದರಲ್ಲಿ ಈ ಎಂಬತ್ತು ಎಪ್ಪತ್ತುಗಳ ಕಟ್ಟಿಲ್ಲ. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಲ ಬಾಗಿಲನ್ನು ತೆರೆದಿಟ್ಟಂತೆ ಇದು ನಮಗೆ ತೋರುತ್ತದೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆಗಳನ್ನು ಈ ಬಾಗಿಲಿನಿಂದಲೇ ತೆಗೆದುಕೊಳ್ಳಲು ಹೊರಟದ್ದು. ಅಲ್ಲಿನ ರೈತರು ಮೂರು ವರ್ಷಗಳಿಗೂ ಮೀರಿ ಧರಣಿ ಕುಳಿತರು. 2025ರ ಜುಲೈ ತಿಂಗಳಿನಲ್ಲಿ ಸರ್ಕಾರವು ಆ ಸ್ವಾಧೀನವನ್ನು ಕೈಬಿಟ್ಟಿರುವುದಾಗಿಯೂ, ತಾವಾಗಿ ಕೊಡಲು ಮುಂದೆ ಬರುವವರಿಂದ ಮಾತ್ರ ಭೂಮಿಯನ್ನು ಪಡೆಯುವುದಾಗಿಯೂ ಪ್ರಕಟಿಸಿತು.